ಅನ್ನ ಕೇಳದ ಸಾಮಾನು

ದೊಡ್ಡವ್ವ ತೀರಿಕೊಂಡು ತಿಂಗಳಾದ ಮೇಲೆ ರಾಮಗಿರಿಯ ಮನೆಯ ನಡುಕೋಣೆಯ ಬೀಗ ತೆಗೆದೆವು. ಆ ಬೀಗದ ಕೈ ಅಷ್ಟು ವರ್ಷವೂ ಅವಳ ಸೊಂಟದಲ್ಲೇ ಇತ್ತು. 2005ರಲ್ಲಿ ನಾನು ಮಸ್ಕತ್ತಿಗೆ ಹೊರಟಾಗ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ, ಒಂದು ಸಣ್ಣ ಲಾರಿಯಲ್ಲಿ ಸಂಸಾರವನ್ನೆಲ್ಲ ತಂದು ಅಲ್ಲಿ ಇಳಿಸಿದ್ದೆ. ಎರಡು ವರ್ಷದ ಮಾತು ಎಂದಿದ್ದೆ. ಜಾಗ ಅಡ್ಡವಾಯಿತೇನೋ ಎಂಬ ನನ್ನ ಸಂಕೋಚಕ್ಕೆ ಆಕೆ ನಕ್ಕಿದ್ದಳು: "ಬಿದ್ದಿರ್ಲಿ ಬಿಡಪ್ಪಾ, ನಿನ್ ಸಾಮಾನೇನು ಅನ್ನ ಕೇಳ್ತಾವಾ?"

ಕೇಳಲಿಲ್ಲ, ನಿಜ. ಕೇಳದೆಯೇ ಹತ್ತೊಂಬತ್ತು ವರ್ಷ ಕಾದವು. ಕಾದು ಕಾದು ಏನಾದವು ಎಂಬುದನ್ನು ಆ ದಿನ ನೋಡಿದೆ. ಹಾಸಿಗೆಯ ಹತ್ತಿಯಲ್ಲಿ ಇಲಿಗಳು ತಲೆಮಾರುಗಳನ್ನು ಬೆಳೆಸಿದ್ದವು. ಪುಸ್ತಕದ ಪೆಟ್ಟಿಗೆಗೆ ಗೆದ್ದಲು ಹಿಡಿದು, ಮೇಲಿನ ರಟ್ಟು ಹಾಗೇ ಇದ್ದು, ಒಳಗಿನ ಓದು ಮಣ್ಣಾಗಿತ್ತು. ಟೇಪ್ ರೆಕಾರ್ಡರ್ ಚೆನ್ನಾಗಿಯೇ ಇತ್ತು, ಅದಕ್ಕೆ ಹಾಕುವ ಕ್ಯಾಸೆಟ್ಟೂ ಇತ್ತು; ಅದನ್ನು ಕೇಳುವ ಕಾಲ ಮಾತ್ರ ಇರಲಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಕಲಕಿದ್ದು ಬೇರೆ. ಅಲ್ಲಿದ್ದ ಅರ್ಧದಷ್ಟು ವಸ್ತುಗಳು ನನ್ನವೆಂಬುದೇ ನನಗೆ ನೆನಪಿರಲಿಲ್ಲ. ಗೆದ್ದಲಿಗಿಂತ ಮೊದಲು ಅವುಗಳನ್ನು ತಿಂದು ಮುಗಿಸಿದವನು ನಾನೇ.

ಹಿತ್ತಾಳೆ ಪಾತ್ರೆಗಳಿಗೆಲ್ಲ ಕಿಲುಬು ಹತ್ತಿತ್ತು, ಒಂದರ ಹೊರತು. ನಮ್ಮ ಮದುವೆಯಲ್ಲಿ ಬಂದ ದೊಡ್ಡ ಪಾತ್ರೆ ಫಳಫಳ ಹೊಳೆಯುತ್ತಿತ್ತು. ದೊಡ್ಡವ್ವ ಅದನ್ನು ನನ್ನನ್ನು ಕೇಳದೆ ಹೊರಗೆ ತೆಗೆದಿದ್ದಳು, ಕಲಾಯಿ ಹಾಕಿಸಿದ್ದಳು, ಕೇರಿಯ ಮದುವೆಗಳಿಗೆ, ಬೆಟ್ಟದ ಮೇಲಿನ ಕರಿಸಿದ್ದೇಶ್ವರನಿಗೆ ಹರಕೆ ಹೊತ್ತವರ ಊಟಕ್ಕೆ ಎರವಲು ಕೊಟ್ಟಿದ್ದಳು. ಬೀಗದೊಳಗೆ ಇದ್ದದ್ದು ಕೆಟ್ಟಿತು, ಬೀಗ ದಾಟಿ ಹೋದದ್ದು ಉಳಿಯಿತು. ಇದನ್ನೊಂದು ನಿಯಮ ಮಾಡಿ ಹೇಳಲು ನನಗೆ ಧೈರ್ಯವಿಲ್ಲ. ಎರವಲು ಹೋಗಿ ಬಾರದೇ ಇದ್ದ ಪಾತ್ರೆಗಳೂ ಇರಬಹುದು, ಅವುಗಳ ಲೆಕ್ಕ ಅವಳ ಜೊತೆಗೇ ಹೋಯಿತು.

ಮನೆ ಈಗ ನಾಲ್ಕು ಪಾಲು. ಮಾರುವುದೆಂದು ಅಣ್ಣತಮ್ಮಂದಿರು ನಿಶ್ಚಯಿಸಿದ್ದಾರೆ, ತಪ್ಪೇನೂ ಅಲ್ಲ. ನನ್ನ ರಜೆ ಇಪ್ಪತ್ತೊಂದು ದಿನ. ಅಷ್ಟರಲ್ಲಿ ಉಳಿದ ಸಾಮಾನಿಗೆ ಭದ್ರವಾದ, ಕೈಗೆಟುಕುವ ಒಂದು ಜಾಗ ಹುಡುಕಬೇಕಿತ್ತು. ಎಷ್ಟು ಸಣ್ಣ ಕೆಲಸ ಎನಿಸುತ್ತದೆ! ಬೆಂಗಳೂರಿನಲ್ಲಿ ಈಗ ಇದಕ್ಕೆಂದೇ ಗೋದಾಮುಗಳಿವೆ. ಮನೆಬಾಗಿಲಿಗೆ ಬಂದು ಕಟ್ಟಿಕೊಂಡು ಹೋಗುತ್ತಾರೆ, ಪಟ್ಟಿ ಬರೆದು ಕೊಡುತ್ತಾರೆ, ತಿಂಗಳಿಗಿಷ್ಟೆಂದು ಬಾಡಿಗೆ ಹಿಡಿಯುತ್ತಾರೆ. ನನಗೆ ಹೇಳಿದ ದರ ತಿಂಗಳಿಗೆ ಮೂರು ಸಾವಿರ. ಹತ್ತು ವರ್ಷಕ್ಕೆ 3,60,000 ರೂಪಾಯಿ. ಕೋಣೆಯಲ್ಲಿದ್ದುದನ್ನೆಲ್ಲ ಸಂತೆಗೆ ಹಾಕಿದರೆ ಅದರ ಹತ್ತನೆಯ ಒಂದು ಪಾಲೂ ಹುಟ್ಟದು. ಹಾಗಾದರೆ ಆ ಬಾಡಿಗೆ ಯಾವುದಕ್ಕೆ? ಮಂಚಕ್ಕಲ್ಲ, ಬೀರುವಿಗಲ್ಲ. ಹಿಂದಿರುಗಿ ಬರುತ್ತೇನೆಂದು ನನಗೆ ನಾನೇ ಕೊಟ್ಟುಕೊಂಡ ಮಾತಿಗೆ. ಆ ಮಾತು ಹಳಸದಂತೆ ತಿಂಗಳು ತಿಂಗಳೂ ಹಣ ಕಟ್ಟಬೇಕು.

ಚಿನ್ನ, ಕಾಗದಪತ್ರಗಳಿಗೆ ಬ್ಯಾಂಕಿನ ಲಾಕರ್ ಉಂಟಲ್ಲ ಎಂದರು. ಅದರ ಕರಾರನ್ನು ಓದಿದೆ. ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಹೊರಡಿಸಿ, 2022ರ ಜನವರಿಯಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ಒಳಗಿನದು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಭೂಕಂಪ, ಪ್ರವಾಹ, ಸಿಡಿಲಿನಂಥವಕ್ಕೆ, ಬ್ಯಾಂಕಿನ ಅಲಕ್ಷ್ಯವಿಲ್ಲದಿದ್ದರೆ, ಹೊಣೆಯಿಲ್ಲ. ಮೂರು ವರ್ಷ ಬಾಡಿಗೆ ಕಟ್ಟದಿದ್ದರೆ ಒಡೆದು ತೆಗೆಯಬಹುದು. ಏಳು ವರ್ಷ ಯಾರೂ ತೆರೆಯದೆ, ಇಟ್ಟವನ ಸುಳಿವೂ ಸಿಗದಿದ್ದರೆ, ಬಾಡಿಗೆ ತಪ್ಪದೆ ಸಂದಾಯವಾಗುತ್ತಿದ್ದರೂ ತೆಗೆಯಬಹುದು. ಈ ಕೊನೆಯ ಮಾತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದೆ. ಹಣ ಕಟ್ಟಿದರೆ ಸಾಲದು, ಬಂದು ಮುಖ ತೋರಿಸಬೇಕು. ಕಾನೂನಿಗೂ ಅಷ್ಟು ಅಂತಃಕರಣವಿದೆಯೇ ಎನಿಸಿತು.

ಇಟ್ಟುಕೊಂಡವರ ಹೊಣೆಗೆ ಹೀಗೆ ಎಲ್ಲೆ ಹಾಕುವುದು ಹೊಸ ವಿವೇಕವೂ ಅಲ್ಲ. ಒಳಗೇನಿದೆಯೆಂದು ಹೇಳದೆ ಮುಚ್ಚಿದ ಪಾತ್ರೆಯನ್ನು ಇನ್ನೊಬ್ಬರ ಕೈಯಲ್ಲಿ ಇಡುವುದನ್ನು ಯಾಜ್ಞವಲ್ಕ್ಯ ಸ್ಮೃತಿ ಉಪನಿಧಿ ಎಂದು ಕರೆದು, ಕೊಟ್ಟ ಹಾಗೆಯೇ ಮರಳಿಸಬೇಕೆನ್ನುತ್ತದೆ. ಅರಸನೋ ದೈವವೋ ಕಳ್ಳನೋ ಒಯ್ದರೆ ಇಟ್ಟುಕೊಂಡವನ ಹೊಣೆಯಿಲ್ಲ. ಕೇಳಿದಾಗ ಕೊಡದೆ ಆಮೇಲೆ ಕಳೆದರೆ ಉಂಟು. ಇಟ್ಟುಕೊಂಡವನು ತನ್ನಿಷ್ಟದಂತೆ ಬಳಸಿದರೆ ದಂಡ. ಆ ಸ್ಮೃತಿಗೆ ವಿಜ್ಞಾನೇಶ್ವರ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅವರ ಕಟ್ಟಳೆಯಂತೆ ನಮ್ಮ ದೊಡ್ಡವ್ವ ದಂಡಕ್ಕೆ ಅರ್ಹಳು. ಆ ಒಂದು ಪಾತ್ರೆಯ ಹೊಳಪನ್ನು ನೋಡಿದ ಮೇಲೆ ಯಾವ ನ್ಯಾಯಾಧೀಶ ತಾನೇ ದಂಡ ಹಾಕಿಯಾನು?

ನಮ್ಮ ಸೀಮೆಯವರಿಗೆ ಇಡುವ ವಿದ್ಯೆ ಹೊಸದಲ್ಲ. ಹಗೇವನ್ನು ಕಂಡವರು ಈಗ ಕಡಿಮೆ. ನೆಲದೊಳಗೆ ಆಳುದ್ದಕ್ಕೂ ಮೀರಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಮೈಗೆ ಹುಲ್ಲು ಹೊದಿಸಿ, ರಾಗಿಯನ್ನೋ ಜೋಳವನ್ನೋ ತುಂಬಿ, ಮೇಲೆ ಮತ್ತೆ ಹುಲ್ಲು, ಹುಲ್ಲಿನ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಬಾಡಿಗೆಯಿಲ್ಲ, ಬೀಗವಿಲ್ಲ. ಗಾಳಿ ಆಡದ ಆ ಕತ್ತಲಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. 1876–78ರ ಧಾತು, ಈಶ್ವರ ಸಂವತ್ಸರಗಳ ಬರವನ್ನು ಕೇಳಿ ಬೆಳೆದವರಿಗೆ ಹಗೇವೆಂದರೆ ಮುಂದಿನ ಬರದೊಡನೆ ಮಾಡಿಕೊಂಡ ಒಪ್ಪಂದ. ಅವರು ಇಟ್ಟದ್ದು ತಿನ್ನುವುದಕ್ಕೆ. ಇಂದಲ್ಲ ನಾಳೆ ಅದು ಖಾಲಿಯಾಗಲೇಬೇಕು. ಖಾಲಿಯಾಗುವುದೇ ಅದರ ಸಾರ್ಥಕ್ಯ. ನಾನು ಇಟ್ಟದ್ದು ಯಾವುದಕ್ಕೆ? ಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ಮುಂದೂಡುವುದಕ್ಕೆ.

ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮುಚ್ಚಿಟ್ಟ ಗಾಳಿ ವಿಷವಾಗಿರುತ್ತದೆ. ಅವಸರಪಟ್ಟು ಇಳಿದವರು ಮೇಲೆ ಬಾರದ ಪ್ರಸಂಗಗಳುಂಟು. ಬಾಯಿ ತೆರೆದಿಟ್ಟು, ಕಾವು ಆರಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಉಳಿದರೆ ಮನುಷ್ಯ ಇಳಿಯಬಹುದು. ನಡುಕೋಣೆಯ ಬೀಗ ತೆಗೆದ ದಿನ ಹೆಂಡತಿ ಹೊಸ್ತಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಅವಳು ಮಾಡಿದ್ದೇ ಸರಿ ಎಂದು ಆಮೇಲೆ ಅನ್ನಿಸಿತು.

ಇದೇ ರಜೆಯಲ್ಲಿ ಒಂದು ಮಧ್ಯಾಹ್ನ ಚಿತ್ರದುರ್ಗದ ಕೋಟೆ ಹತ್ತಿದ್ದೆ. ಅಲ್ಲಿ ಧಾನ್ಯದ ಕಣಜಗಳಿವೆ, ಎಣ್ಣೆಯ ಕೊಳಗಳಿವೆ. ಎಷ್ಟು ತಿಂಗಳು ಮುತ್ತಿಗೆ ಬಿದ್ದರೂ ಒಳಗಿನವರು ತಾಳಬೇಕೆಂದು ಕೂಡಿಟ್ಟ ಏರ್ಪಾಟು ಅದು. 1779ರಲ್ಲಿ ಹೈದರಾಲಿಗೆ ಕೋಟೆ ಬಿತ್ತು. ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಈಗ ಕೂಡಿಟ್ಟವರೂ ಇಲ್ಲ, ಕೂಡಿಟ್ಟದ್ದೂ ಇಲ್ಲ. ಕೂಡಿಡುವ ಜಾಗ ಮಾತ್ರ ಗಟ್ಟಿಯಾಗಿ ನಿಂತಿದೆ. ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಇದಕ್ಕೆ ತಿರುಗುಮುರುಗಾದ ಕಥೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಶಾತವಾಹನರ ಕಾಲದ ನೆಲೆಯಲ್ಲಿ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಕಡಲು ದಾಟಿ ಬಂದ ನಾಣ್ಯ. ಅದು ಯಾರ ಸೊಂಟದ ಚೀಲದಿಂದ ಉದುರಿತೋ, ಯಾರು ಜೋಪಾನವಾಗಿ ಇಟ್ಟು ಮರೆತರೋ. ಬೆಳ್ಳಿ ಉಳಿದಿದೆ, ಅದರಿಂದ ಕೊಳ್ಳಬಹುದಾದದ್ದು ಈ ಲೋಕದಲ್ಲಿ ಏನೂ ಉಳಿದಿಲ್ಲ. ಹಾಗಾದರೆ ಅದು ಉಳಿಯಿತೆನ್ನೋಣವೇ, ಅಳಿಯಿತೆನ್ನೋಣವೇ?

ನಮ್ಮೂರಿನ ಹೆಸರಲ್ಲೇ ಒಬ್ಬ ಊರು ಬಿಟ್ಟವನಿದ್ದಾನೆ. ಹದಿನಾಲ್ಕು ವರ್ಷಕ್ಕೆ ಹೊರಟ ರಾಮ ಏನನ್ನೂ ಕಟ್ಟಿಡಲಿಲ್ಲ. ಭರತನೇ ಬೆನ್ನಟ್ಟಿ ಹೋಗಿ ಪಾದುಕೆಗಳನ್ನು ಕೇಳಿ ತಂದ. ನಂದಿಗ್ರಾಮದಲ್ಲಿ ಅವನು ಕಾದದ್ದು ಮರದ ಎರಡು ತುಂಡನ್ನು, ಅಥವಾ ಅಣ್ಣ ಬಂದೇ ಬರುತ್ತಾನೆಂಬ ನಂಬಿಕೆಯನ್ನು. ಕಾಯುವವನೊಬ್ಬ ಇದ್ದದ್ದರಿಂದ ಪಾದುಕೆಗೆ ಬೆಲೆ. ನನ್ನ ಕೋಣೆಗೂ ಹಾಗೆಯೇ ಒಬ್ಬಳಿದ್ದಳು. ಭದ್ರತೆಯನ್ನು ನಾನು ಬೀಗದಲ್ಲಿ ಕಂಡಿದ್ದೆ. ಅದು ಬೀಗದ ಕೈ ಸಿಕ್ಕಿಸಿಕೊಂಡ ಸೊಂಟದಲ್ಲಿತ್ತು.

ಕೊಲ್ಲಿಯಲ್ಲಿ ದುಡಿಯುವವರಿಗೆ ಈ ಮಾತು ಬೇಗ ತಿಳಿಯುತ್ತದೆ. ಕೆಲಸವಿದ್ದಷ್ಟು ದಿನ ವಾಸ. ಕೆಲಸ ಮುಗಿದರೆ ವೀಸಾ ಮುಗಿಯಿತು. ಇಪ್ಪತ್ತು ವರ್ಷ ಇದ್ದರೂ ಅಲ್ಲಿ ನಾವು ಬಂದುಹೋಗುವವರು. ಬಂದುಹೋಗುವವರೆಂದೇ ಇಲ್ಲೊಂದು ಕೋಣೆ ತುಂಬಿಸಿಡುತ್ತೇವೆ, ನಾವು ಖಾಯಂ ಇರುವ ಜಾಗ ಅದೊಂದೇ ಎಂಬಂತೆ. ಇಲ್ಲಿಯೂ ಖಾಯಂ ಯಾರಿದ್ದಾರೆ ಎಂದು ಬೆಟ್ಟದ ಮೇಲಿನ ಸ್ವಾಮಿಯನ್ನು ಕೇಳಬಹುದು. ನಾನು ಕೇಳಲಿಲ್ಲ.

ಕೊನೆಗೆ ಸಾಮಾನನ್ನು ಹಂಚಿದೆ. ಬೀರು ತಮ್ಮನ ಮನೆಗೆ, ಮಂಚ ಪಕ್ಕದ ಮನೆಗೆ. ಹೊಳೆಯುವ ಪಾತ್ರೆ ಕೇರಿಯಲ್ಲೇ ಇರಲೆಂದು ಬಿಟ್ಟೆ. ಹಾಸಿಗೆಯನ್ನು ಹಿತ್ತಿಲಲ್ಲಿ ಸುಟ್ಟೆವು. ಹೊಳಲ್ಕೆರೆಯಿಂದ ಗುಜರಿಯವನು ಬಂದು ಉಳಿದದ್ದನ್ನು ತೂಕಕ್ಕೆ ಹಾಕಿಕೊಂಡ. ಟೇಪ್ ರೆಕಾರ್ಡರ್ ತೂಗುವಾಗ ಮಾತ್ರ ನಾನು ರೈಲಿನ ಸದ್ದು ಬಂದ ಕಡೆ ತಿರುಗಿದೆ. ಉಳಿದದ್ದು ಎರಡು ಟ್ರಂಕು: ಅಂಕಪಟ್ಟಿಗಳು, ಮದುವೆಯ ಆಲ್ಬಮ್ಮು, ದೊಡ್ಡವ್ವನ ಎರಡು ಸೀರೆ, ಇನ್ನೂ ತೀರ್ಮಾನಿಸಲಾಗದ ಕೆಲವು.

ಪರಿಚಯದವರೊಬ್ಬರು ತಮ್ಮ ಮನೆಯ ಹಿಂದಿನ ಕೋಣೆ ಕೊಡಲು ಒಪ್ಪಿದರು. ಹೆಂಚಿನ ಮಾಡು, ಗೋಡೆ ಗಟ್ಟಿ, ಬಾಡಿಗೆ ಹಗುರ. ಎಷ್ಟು ದಿನಕ್ಕೆ ಎಂದು ಕೇಳಿದರು. ಎರಡು ವರ್ಷ ಎಂದೆ.