ಕೂತು ನೋಡುವವರ ಪಾಲು

ನನಗೆ ಕಾರುಗಳ ಹುಚ್ಚು ಇದೆ ಎಂದರೆ ಹೊಸದಾಗಿ ಪರಿಚಯವಾದವರು ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜವನ್ನೂ ಹೇಳಿಕೊಡುವ, ಹತ್ತಿಯ ಸೀರೆ ಉಟ್ಟು ಊಟದ ಡಬ್ಬಿ ಹಿಡಿದು ಓಡಾಡುವ ಹೆಂಗಸಿಗೆ ಇದೆಂಥ ಹುಚ್ಚು ಎಂದು ಮುಖ ನೋಡುತ್ತಾರೆ. ಲೈಸೆನ್ಸೂ ಇದೆ, ಹಳೆಯದೊಂದು ಕಾರೂ ಇದೆ. ಆದರೆ ಬಸವೇಶ್ವರನಗರದ ನಮ್ಮ ಮನೆಯಿಂದ ವಿಜಯನಗರದ ಶಾಲೆ ಸೇರುವಷ್ಟರಲ್ಲಿ ಗಾಡಿ ಮೂರನೆಯ ಗೇರಿಗೆ ಬಂದರೆ ಅದೇ ಪುಣ್ಯ. ಹಾಗಾಗಿ ನನ್ನ ವೇಗವೆಲ್ಲ ಟಿವಿಯಲ್ಲೇ. ಭಾನುವಾರ ಸಂಜೆ ರೇಸ್ ಇದ್ದರೆ ನಮ್ಮವರು ತಾವೇ ಎದ್ದು ಕಾಫಿ ಮಾಡಿಕೊಳ್ಳುತ್ತಾರೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಸಂಪಾದಿಸಿದ ದೊಡ್ಡ ಹಕ್ಕು ಅದು.

ಈ ಹುಚ್ಚು ಅಪ್ಪನಿಂದ ಬಂದದ್ದು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಹತ್ತಿರ ಅಪ್ಪನದೊಂದು ಸಣ್ಣ ರಿಪೇರಿ ಶೆಡ್ಡು ಇತ್ತು. ಅಂಬಾಸಿಡರ್, ಫಿಯೆಟ್, ಒಮ್ಮೊಮ್ಮೆ ಸ್ಟ್ಯಾಂಡರ್ಡ್ ಹೆರಾಲ್ಡ್. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಗಾಡಿಯ ಅಡಿಯಿಂದ ಎರಡು ಕಾಲು ಮಾತ್ರ ಕಾಣಿಸುತ್ತಿತ್ತು, ಮಾತು ಮಾತ್ರ ಕೇಳಿಸುತ್ತಿತ್ತು: “ಪುಟ್ಟಿ, ಹನ್ನೆರಡು-ಹದಿಮೂರು ಸ್ಪ್ಯಾನರ್ ಕೊಡಮ್ಮ.” ನಾನು ಮಗ್ಗಿ ಕಲಿಯುವ ಮೊದಲೇ ಸ್ಪ್ಯಾನರಿನ ನಂಬರು ಕಲಿತವಳು. ಇಂಜಿನ್ನಿನ ಸದ್ದು ಕೇಳಿ ಇದರ ಟ್ಯಾಪೆಟ್ ಸಡಿಲವಾಗಿದೆ ಎಂದು ಈಗಲೂ ಹೇಳಬಲ್ಲೆ, ಆದರೆ ಈಗಿನ ಕಾರುಗಳಿಗೆ ಆ ವಿದ್ಯೆ ಬೇಕಾಗಿಲ್ಲ.

ಅಪ್ಪನದೊಂದು ಪದ್ಧತಿ ಇತ್ತು. ಅಪಘಾತವಾದ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರೆ, ಅದರ ಹಿಂದೆಯೇ ಹತ್ತಿಪ್ಪತ್ತು ಜನ ಬರುತ್ತಿದ್ದರು. ಒಳಗೆ ಇಣುಕುವುದು, ಸೀಟಿನ ಮೇಲಿನ ಕಲೆ ತೋರಿಸಿ ಪಿಸುಗುಟ್ಟುವುದು. ಅಪ್ಪ ಬೇರೆ ಯಾವ ಕೆಲಸ ಇದ್ದರೂ ಬಿಟ್ಟು, ಮೊದಲು ಟಾರ್ಪಾಲು ತಂದು ಆ ಗಾಡಿಗೆ ಹೊದಿಸುತ್ತಿದ್ದರು. ಯಾರಾದರೂ ತುದಿ ಎತ್ತಲು ಹೋದರೆ, ಎಂದೂ ಜೋರಾಗಿ ಮಾತಾಡದವರು ಗದರುತ್ತಿದ್ದರು: “ಇದೇನು ಜಾತ್ರೆ ಏನ್ರಿ? ಒಂದು ಮನೆಯವರು ಅಳ್ತಾ ಇದ್ದಾರೆ.” ಆಗ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ನನಗೂ ನೋಡಬೇಕಿತ್ತು.

ಇಷ್ಟನ್ನು ಯಾಕೆ ಹೇಳಿದೆನೆಂದರೆ, ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನನ್ನು ಒಂದು ಪ್ರಶ್ನೆ ಕೇಳಿದ. ಹತ್ತನೆಯ ತರಗತಿಯವನು. ನಾಗರಬಾವಿ ರಿಂಗ್ ರಸ್ತೆಯಲ್ಲಿ ಸ್ಕೂಟರಿನ ಮುಂದಿನ ಚಕ್ರ ಎತ್ತಿ ವ್ಹೀಲಿ ಮಾಡುತ್ತಿದ್ದಾಗ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ಸ್ಕೂಟರು ಸೋದರಮಾವನದು. ತಾಯಿ ಮೈಸೂರು ರಸ್ತೆಯ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವಾಕೆ. ಅರ್ಧ ದಿನದ ಸಂಬಳ ಬಿಟ್ಟು ಶಾಲೆಗೆ ಬಂದು, “ನೀವಾದರೂ ಬುದ್ಧಿ ಹೇಳಿ ಮಿಸ್” ಎಂದು ಸೆರಗು ಕಣ್ಣಿಗೊತ್ತಿಕೊಂಡಳು. ನಾನು ಹೇಳಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ, ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ; ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವತನಕ ಲೈಸೆನ್ಸ್ ಇಲ್ಲ. ಎಲ್ಲ ಹೇಳಿದೆ. ತಾಯಿಯ ಮುಖ ನೋಡಿಯಾದರೂ ಬಿಡು ಎಂದೆ. ಅವನು ತಲೆ ತಗ್ಗಿಸಿಕೊಂಡೇ ಇದ್ದ. ತಾಯಿ ಹೊರಗೆ ಹೋದ ಮೇಲೆ ತಲೆ ಎತ್ತಿ ಕೇಳಿದ:

“ಮಿಸ್, ನೀವೂ ರೇಸ್ ನೋಡ್ತೀರಲ್ಲ. ಅದರಲ್ಲಿ ಯಾರೂ ಬೀಳೋದೇ ಇಲ್ಲ ಅಂತ ಮೊದಲೇ ಗೊತ್ತಿದ್ರೆ ನೋಡ್ತೀರಾ?”

ಉದ್ಧಟತನ ಇರಲಿಲ್ಲ ಆ ಮಾತಿನಲ್ಲಿ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು. ನಾನು “ಹೋಗು, ಬೆಲ್ಲಾಯಿತು” ಎಂದೆ. ಮೇಷ್ಟರ ಕೆಲಸದಲ್ಲಿ ಇದೊಂದು ಅನುಕೂಲ, ಉತ್ತರ ಗೊತ್ತಿಲ್ಲದಾಗ ಬೆಲ್ಲು ಆಗುತ್ತದೆ.

ಮನೆಗೆ ಬಂದು ಯೋಚಿಸಿದೆ. ನಾನು ರೇಸ್ ನೋಡುವುದು ಚಾಲಕರ ಕೌಶಲಕ್ಕೆ, ಯಂತ್ರದ ಸೊಗಸಿಗೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದವಳು. ಅದು ಸುಳ್ಳೇನಲ್ಲ. ಆದರೆ ಮೊನಾಕೊದ ರೇಸಿನಲ್ಲಿ ಒಂದರ ಹಿಂದೆ ಒಂದು ಕಾರು ತೇರಿನ ಹಾಗೆ ಸಾಗುವಾಗ ನನಗೆ ತೂಕಡಿಕೆ ಬರುತ್ತದೆ. ವೀಕ್ಷಕ ವಿವರಣೆಯವನು ಕೂಗಿಕೊಂಡ ತಕ್ಷಣ ಎಚ್ಚರವಾಗುತ್ತದೆ. ಅವನು ಕೂಗುವುದು ಯಾವಾಗ? ಏನಾದರೂ ಮುರಿದಾಗ. ಆ ಕ್ಷಣದಲ್ಲಿ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಇದನ್ನು ಒಪ್ಪಿಕೊಳ್ಳದೆ ಆ ಹುಡುಗನಿಗೆ ಏನು ಉತ್ತರ ಕೊಟ್ಟರೂ ಅದು ಸುಳ್ಳು.

1994ರ ಮೇ ಒಂದನೆಯ ತಾರೀಕು, ಭಾನುವಾರ. ಇಟಲಿಯ ಇಮೊಲಾದಲ್ಲಿ ಬ್ರೆಜಿಲಿನ ಆಯಿರ್ಟನ್ ಸೆನ್ನಾ ಸತ್ತ. ಹಿಂದಿನ ದಿನವೇ ಅಲ್ಲಿ ಆಸ್ಟ್ರಿಯಾದ ರೋಲಂಡ್ ರಾಟ್ಜೆನ್‌ಬರ್ಗರ್ ಅರ್ಹತಾ ಸುತ್ತಿನ ಓಟದಲ್ಲಿ ಸತ್ತಿದ್ದ. ಗೆದ್ದರೆ ಅವನ ನೆನಪಿಗೆ ಹಾರಿಸೋಣವೆಂದು ಸೆನ್ನಾ ಒಂದು ಆಸ್ಟ್ರಿಯಾದ ಬಾವುಟವನ್ನು ಕಾರಿನಲ್ಲಿ ಇಟ್ಟುಕೊಂಡಿದ್ದನಂತೆ. ಸೆನ್ನಾನನ್ನು ಹೆಲಿಕಾಪ್ಟರಿನಲ್ಲಿ ಒಯ್ದ ಮೇಲೆ ಓಟ ಮತ್ತೆ ಶುರುವಾಯಿತು, ಶುಮಾಕರ್ ಗೆದ್ದ. ಆಗ ನಾನು ಹೊಸ ಮದುಮಗಳು, ರಾಜಾಜಿನಗರದಲ್ಲೇ ಅತ್ತೆಯ ಮನೆ. ಮನೆಗೆ ಕೇಬಲ್ಲು ಬಂದಿತ್ತು. ಸುದ್ದಿಯಲ್ಲಿ ಆ ಕಾರು ಗೋಡೆಗೆ ಬಡಿಯುವುದನ್ನು ತೋರಿಸಿದರು, ಮತ್ತೆ ತೋರಿಸಿದರು. ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದ ನಾನು ಪ್ರತಿ ಸಲವೂ ಕತ್ತೆತ್ತಿದೆ. ಅತ್ತೆ ಒಮ್ಮೆ ನೋಡಿ, “ಯಾವ ತಾಯಿ ಹೆತ್ತ ಮಗನೋ” ಎಂದು ಎದ್ದು ದೇವರ ಮನೆಗೆ ಹೋದರು. ಅವರಿಗೆ ಫಾರ್ಮುಲಾ ಒನ್ ಎಂದರೇನೆಂದು ಗೊತ್ತಿರಲಿಲ್ಲ. ಆದರೂ ಆ ಕೋಣೆಯಲ್ಲಿ ಸರಿಯಾಗಿ ನೋಡಿದವರು ಅವರೊಬ್ಬರೇ ಎಂದು ಈಗ ಅನ್ನಿಸುತ್ತದೆ.

ನನ್ನ ಪರವಾಗಿ ನಾನೇ ವಾದ ಮಾಡಿ ನೋಡಿದೆ. ಲೋಕವೆಲ್ಲ ನೋಡಿದ್ದರಿಂದಲೇ ಆ ಸಾವಿನ ನಂತರ ಬದಲಾವಣೆಗಳು ಬಂದವು. ತಿರುವುಗಳನ್ನು ತಿದ್ದಿದರು, ಪಿಟ್ ಲೇನಿನಲ್ಲಿ ವೇಗಕ್ಕೆ ಮಿತಿ ಹಾಕಿದರು. 2014ರಲ್ಲಿ ಜಪಾನಿನಲ್ಲಿ ಜೂಲ್ ಬಿಯಾಂಕಿ ಗಾಯಗೊಂಡು ಮರುವರ್ಷ ತೀರಿಕೊಳ್ಳುವತನಕ ಗ್ರಾನ್ ಪ್ರೀ ಓಟದ ಅಪಘಾತದಲ್ಲಿ ಬೇರೆ ಚಾಲಕರು ಸಾಯಲಿಲ್ಲ. 2018ರಿಂದ ಚಾಲಕನ ತಲೆಯ ಸುತ್ತ ‘ಹೇಲೊ’ ಎಂಬ ಟೈಟೇನಿಯಮ್ಮಿನ ಬಳೆ ಬಂತು. 2020ರ ನವೆಂಬರಿನಲ್ಲಿ ಬಹ್ರೇನಿನಲ್ಲಿ ರೊಮಾ ಗ್ರೋಜಾನನ ಕಾರು ಕಬ್ಬಿಣದ ತಡೆಗೋಡೆಯನ್ನು ಸೀಳಿಕೊಂಡು ಎರಡು ತುಂಡಾಗಿ ಹೊತ್ತಿ ಉರಿದಾಗ ಅವನ ತಲೆ ಕಾಯ್ದದ್ದು ಆ ಬಳೆಯೇ. ಸುಮಾರು ಅರ್ಧ ನಿಮಿಷ ಬೆಂಕಿಯೊಳಗಿದ್ದು, ತಾನೇ ಎದ್ದು ಬಂದ. ಅದನ್ನು ನೋಡುತ್ತಾ ನಾನು ಮಂಜುನಾಥನಿಗೆ ಹರಕೆ ಹೊತ್ತದ್ದು ನಿಜ. ಅವನು ಬದುಕಿದನೆಂದು ಖಚಿತವಾಗುವವರೆಗೆ ಪ್ರಸಾರದವರು ಆ ದೃಶ್ಯವನ್ನು ಮರಳಿ ತೋರಿಸಲಿಲ್ಲ. ಖಚಿತವಾದ ಮೇಲೆ ಬೇರೆ ಬೇರೆ ಕೋನಗಳಿಂದ ತೋರಿಸಿದರು, ತೋರಿಸುತ್ತಲೇ ಹೋದರು. ಮತ್ತೆ ಓಡಲು ಕಾಯುತ್ತಿದ್ದ ಚಾಲಕರಲ್ಲಿ ಡೇನಿಯಲ್ ರಿಕಾರ್ಡೊ ಇದು ಅಸಹ್ಯವೆಂದು ಬಹಿರಂಗವಾಗಿ ಹೇಳಿದ. ಪ್ರಸಾರದವರು ನನ್ನಂಥವರಿಗಾಗಿಯೇ ತೋರಿಸಿದ್ದು. ನಾನು ಪ್ರತಿ ಕೋನವನ್ನೂ ನೋಡಿದೆ.

ಇದೇ ಮಾತು ಕಾರಿನ ಕಾರ್ಯಕ್ರಮಗಳಿಗೂ. ಬಿಬಿಸಿಯ ‘ಟಾಪ್ ಗೇರ್’ ನೋಡಿ ನಾನೂ ಎಷ್ಟೋ ನಕ್ಕಿದ್ದೇನೆ. 2003ರಲ್ಲಿ ಅವರು ಒಂದು ಹಳೆಯ ಟೊಯೊಟಾ ಹೈಲಕ್ಸ್ ಗಾಡಿಯನ್ನು ಸಮುದ್ರದ ಉಬ್ಬರಕ್ಕೆ ಬಿಟ್ಟು, ಬೆಂಕಿ ಹಚ್ಚಿ, ಕೊನೆಗೆ ಕೆಡವಲಿದ್ದ ಬಹುಮಹಡಿ ಕಟ್ಟಡದ ನೆತ್ತಿಯ ಮೇಲಿಟ್ಟು ಕೆಡವಿದರು. ಆದರೂ ಅದು ಸ್ಟಾರ್ಟ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಯುಧಪೂಜೆಯ ದಿನ ಸ್ಟೀರಿಂಗಿಗೆ ಕುಂಕುಮ ಇಡುವ ಮನೆಯಲ್ಲಿ ಬೆಳೆದವಳಿಗೆ ಅದು ಅನ್ನ ಚೆಲ್ಲಿದ ಹಾಗೆ ಕಂಡಿತು, ನಗುವೂ ಬಂತು. 2006ರಲ್ಲಿ ಅದರ ನಿರೂಪಕ ರಿಚರ್ಡ್ ಹ್ಯಾಮಂಡ್ ಜೆಟ್ ಕಾರಿನಲ್ಲಿ ಗಂಟೆಗೆ 460 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಪಲ್ಟಿ ಹೊಡೆದು ತಲೆಗೆ ಪೆಟ್ಟು ತಿಂದ. ಮರುವರ್ಷ ಜನವರಿಯಲ್ಲಿ ಆ ಅಪಘಾತವೇ ಕಾರ್ಯಕ್ರಮವಾಯಿತು. 2022ರ ಡಿಸೆಂಬರಿನಲ್ಲಿ ಚಿತ್ರೀಕರಣದ ವೇಳೆ ನಮಗೆಲ್ಲ ಗೊತ್ತಿರುವ ಕ್ರಿಕೆಟಿಗ ಫ್ಲಿಂಟಾಫನ ಮುಖ ಜಜ್ಜಿಹೋಯಿತು. ಆಮೇಲೆ, 2023ರಲ್ಲಿ, ಬಿಬಿಸಿಯವರು ಕಾರ್ಯಕ್ರಮ ನಿಲ್ಲಿಸಿದರು. ಎರಡು ಅಪಘಾತಗಳ ನಡುವೆ ಹದಿನಾರು ವರ್ಷ ನಾವು ನೋಡುತ್ತಲೇ ಇದ್ದೆವು.

ನಾವು ನೋಡದಿದ್ದರೂ ಅವರು ಓಡಿಸುತ್ತಾರೆ, ಅವರ ಇಷ್ಟ ಅವರದು ಎಂದು ನಮ್ಮವರ ವಾದ. ಅರ್ಧ ಒಪ್ಪುತ್ತೇನೆ. ನಮ್ಮ ಊರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. 2021ರಲ್ಲಿ ಅದೇ ರ್‍ಯಾಲಿಯಲ್ಲಿ ಬಿದ್ದು ದಿನಗಟ್ಟಲೆ ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. ಬೆಂಗಳೂರಿನ ಹೆಣ್ಣುಮಗಳು ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಳು. ಆ ಸುದ್ದಿ ಓದಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದೆ. ಇವರೆಲ್ಲ ಅಪಾಯವನ್ನು ಅಳೆದು ನೋಡಿ ಒಪ್ಪಿಕೊಂಡ ದೊಡ್ಡವರು. ಆದರೆ ಎಲ್ಲರೂ ಹಾಗೆ ಒಪ್ಪಿಕೊಂಡವರಲ್ಲ. 2000ದಲ್ಲಿ ಇಟಲಿಯಲ್ಲಿ, 2001ರಲ್ಲಿ ಆಸ್ಟ್ರೇಲಿಯದಲ್ಲಿ, ಹಾರಿಬಂದ ಚಕ್ರ ಬಡಿದು ಒಬ್ಬೊಬ್ಬ ಮಾರ್ಷಲ್ ಸತ್ತರು. ಟ್ರ್ಯಾಕಿನ ಪಕ್ಕದಲ್ಲಿ ಕರ್ತವ್ಯಕ್ಕೆ ನಿಂತವರು. ಗೆದ್ದವರ ಹೆಸರು ನನಗೆ ಬಾಯಿಪಾಠ. ಈ ಇಬ್ಬರ ಹೆಸರನ್ನು ಹುಡುಕಿ ಓದಬೇಕಾಯಿತು.

ಇನ್ನೊಂದು ಹಳೆಯ ಘಟನೆ ಇದೆ, ಅದು ನನ್ನನ್ನು ಬಿಡುವುದಿಲ್ಲ. 1973ರ ಜುಲೈ, ಹಾಲೆಂಡಿನ ಜಾಂಡ್‌ವೋರ್ಟ್. ರೋಜರ್ ವಿಲಿಯಮ್ಸನ್ ಎಂಬ ಹುಡುಗನ ಕಾರು ತಲೆಕೆಳಗಾಗಿ ಹೊತ್ತಿಕೊಂಡಿತು. ಹಿಂದಿದ್ದ ಡೇವಿಡ್ ಪರ್ಲಿ ತನ್ನ ಕಾರು ನಿಲ್ಲಿಸಿ, ಟ್ರ್ಯಾಕು ದಾಟಿ ಓಡಿಬಂದು, ಒಬ್ಬನೇ ಆ ಉರಿಯುವ ಕಾರನ್ನು ಮಗುಚಲು ಒದ್ದಾಡಿದ. ಮಾರ್ಷಲ್‌ಗಳಿಗೆ ಬೆಂಕಿ ತಡೆಯುವ ಉಡುಪಿರಲಿಲ್ಲ, ಹತ್ತಿರ ಬರಲಾಗಲಿಲ್ಲ. ಓಟ ನಿಲ್ಲಲಿಲ್ಲ. ಉಳಿದ ಚಾಲಕರು ಸುತ್ತು ಸುತ್ತು ಪಕ್ಕದಲ್ಲೇ ಹಾದುಹೋದರು. ಅವರು ಕಟುಕರೇನಲ್ಲ, ಅಲ್ಲಿ ಓಡಾಡುತ್ತಿದ್ದ ಪರ್ಲಿಯನ್ನೇ ಆ ಕಾರಿನ ಚಾಲಕನೆಂದು ತಿಳಿದು, ಅವನು ಪಾರಾಗಿದ್ದಾನೆ ಎಂದುಕೊಂಡವರೇ ಹೆಚ್ಚು. ಕ್ಯಾಮೆರಾ ಇದೆಲ್ಲವನ್ನೂ ತೋರಿಸುತ್ತಿತ್ತು. ಕೊನೆಗೆ ಪರ್ಲಿ ಕೈಚೆಲ್ಲಿ ನಡೆದುಹೋಗುವುದನ್ನೂ ತೋರಿಸಿತು. ಅವನಿಗೆ ಮುಂದೆ ಜಾರ್ಜ್ ಪದಕ ಬಂತು. ಆ ಚಿತ್ರವನ್ನು ನಾನು ಒಂದೇ ಸಲ ನೋಡಿದ್ದು, ಮಗಳ ಕಂಪ್ಯೂಟರಿನಲ್ಲಿ. ಹಾದುಹೋದವರಿಗೆ ಗೊತ್ತಿರಲಿಲ್ಲ ಎನ್ನಬಹುದು. ಗೊತ್ತಿದ್ದೂ ಕೂತು ನೋಡುತ್ತಿದ್ದವಳು ನಾನು.

ಹುಡುಗನ ಪ್ರಶ್ನೆಯನ್ನು ಬಹುಶಃ ಮರೆತುಬಿಡುತ್ತಿದ್ದೆ. ಆದರೆ 2023ರ ಆಗಸ್ಟ್ 5ರಂದು ಚೆನ್ನೈ ಹತ್ತಿರದ ಇರುಂಗಾಟುಕೊಟ್ಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಬೈಕ್ ರೇಸಿನಲ್ಲಿ ನಮ್ಮ ಬೆಂಗಳೂರಿನ ಬಾಲಕನೊಬ್ಬ ಬಿದ್ದು ತೀರಿಕೊಂಡ. ಹದಿಮೂರು ವರ್ಷ. ಅದೂ ಹುಟ್ಟುಹಬ್ಬ ಕಳೆದು ಹದಿನೈದು ದಿನವೂ ಆಗಿರಲಿಲ್ಲ. ಆ ವಯಸ್ಸಿನವರು ನನ್ನ ಎಂಟನೆಯ ತರಗತಿಯಲ್ಲಿ ಕೂರುತ್ತಾರೆ. ಕಂಪಾಸ್ ಬಾಕ್ಸ್ ಕಳೆದುಕೊಂಡು ಅಳುವವರು. ಇವನು ಪ್ರತಿಭಾವಂತ, ಆ ವರ್ಷ ಸಾಲಾಗಿ ಗೆದ್ದವನು. ಒಪ್ಪಿಕೊಂಡ ದೊಡ್ಡವರು ಎಂಬ ನನ್ನ ವಾದ ಅಲ್ಲಿಗೆ ಮುಗಿಯಿತು. ಹೆತ್ತವರನ್ನು ದೂರಲು ನನ್ನ ನಾಲಿಗೆ ಬರುವುದಿಲ್ಲ. ಮಗುವಿನ ಕೈಯಲ್ಲಿ ಒಂದು ವಿದ್ಯೆ ಹೊಳೆಯುತ್ತಿದ್ದರೆ ಅದನ್ನು ಕಟ್ಟಿಹಾಕುವುದು ಹೇಗೆಂದು ಇಷ್ಟು ವರ್ಷ ಪಾಠ ಹೇಳಿದ ನನಗೇ ತಿಳಿದಿಲ್ಲ.

ಅಂದು ರಾತ್ರಿ ಯಾವುದೋ ಗುಂಪಿನಲ್ಲಿ ಯಾರೋ ಒಂದು ವಿಡಿಯೊ ಹಾಕಿದ್ದರು. ಅದು ಆ ಅಪಘಾತದ್ದೋ ಬೇರೆಯದೋ, ತೆರೆಯಲಿಲ್ಲ. ಬೆರಳು ಹತ್ತಿರ ಹೋಗಿತ್ತು. ಫೋನನ್ನು ಬೋರಲು ಹಾಕಿ, ಅಡುಗೆಮನೆಯ ಬಟ್ಟೆಯೊಂದು ಕೈಗೆ ಸಿಕ್ಕಿತು, ಅದನ್ನು ಮೇಲೆ ಹೊದಿಸಿದೆ. ಹೊದಿಸಿದ ಮೇಲೆ ಅಪ್ಪನ ನೆನಪಾಯಿತು. ಅಪ್ಪ ಕಾರುಗಳನ್ನು ನನಗಿಂತ ಹೆಚ್ಚು ಪ್ರೀತಿಸಿದವರು. ಕೆಎಂಎಸ್‌ಸಿಯವರ ಕೆ-1000 ರ್‍ಯಾಲಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಹುಡುಕಿ ಓದುತ್ತಿದ್ದರು. ವೇಗ ಬೇಡ ಎಂದವರಲ್ಲ. ಟಾರ್ಪಾಲು ಮಾತ್ರ ಸದಾ ಕೈಗೆಟಕುವಲ್ಲಿ ಇಟ್ಟಿದ್ದರು.

ಆ ಹುಡುಗ ಎಸ್‌ಎಸ್‌ಎಲ್‌ಸಿ ಪಾಸಾದ. ಮೇ ತಿಂಗಳ ಒಂದು ಭಾನುವಾರ ಸಂಜೆ ಸಿಹಿ ಹಿಡಿದುಕೊಂಡು ಮನೆಗೆ ಬಂದ. ಆಟೊಮೊಬೈಲ್ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದನಂತೆ. ಟಿವಿಯಲ್ಲಿ ರೇಸ್ ನಡೆಯುತ್ತಿತ್ತು. ಆರಿಸಲು ರಿಮೋಟು ಎತ್ತಿಕೊಂಡೆ, ಮತ್ತೆ ಇಟ್ಟೆ. ಕುರ್ಚಿಯ ತುದಿಯಲ್ಲಿ ಕೂತು ಅವನೂ ನೋಡಿದ. ಹತ್ತು ನಿಮಿಷ ಆಗಿರಬೇಕು, ಒಂದು ಕಾರು ಜಾರಿ ಗೋಡೆಗೆ ಬಡಿದು ಚಕ್ರ ಕಳಚಿಕೊಂಡಿತು. ಇಬ್ಬರೂ ಉಸಿರು ಹಿಡಿದೆವು. ಆಮೇಲೆ ಚಾಲಕ ಕೈ ಆಡಿಸಿದ, ಸ್ಟೀರಿಂಗ್ ಬಿಚ್ಚಿಟ್ಟು ಇಳಿದು ಬಂದ.

“ಈಗ ಏನನ್ನಿಸಿತು ಮಿಸ್?” ಅಂದ.

ಈ ಸಲ ಬೆಲ್ಲು ಇರಲಿಲ್ಲ. “ಮೊದಲು, ಸರಿಯಾಗಿ ಕಾಣಲಿಲ್ಲ, ಮತ್ತೆ ತೋರಿಸಲಿ ಅನ್ನಿಸಿತು ಕಣೋ. ಆಮೇಲೆ, ಅವನು ಕೈ ಆಡಿಸಿದನಾ ಅಂತ ನೋಡಿದೆ” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ಅದೇ ಸಾಲಲ್ಲೇ ಬಂತು ಮಿಸ್” ಎಂದ. ನಮ್ಮವರು ಒಳಗಿನಿಂದ ಮೂರು ಲೋಟ ಕಾಫಿ ತಂದರು.