ವಿದ್ಯೆ: ಸಾಲವೋ, ಋಣವೋ?



ನಮ್ಮ ಮಾತಿನಲ್ಲಿ ಸಾಲ ಬೇರೆ, ಋಣ ಬೇರೆ. ಸಾಲವನ್ನು ಬಡ್ಡಿಸಮೇತ ಹಿಂದಿರುಗಿಸಿದರೆ ಲೆಕ್ಕ ಮುಗಿಯಿತು. ತಾಯಿಯ ಋಣ, ಗುರುವಿನ ಋಣ ಹಾಗೆ ಹಣ ಎಣಿಸಿ ತೀರುವಂಥವಲ್ಲ. ಬಡ ದೇಶವೊಂದು ತನ್ನ ಮಕ್ಕಳಿಗೆ ವಿದ್ಯೆ ಕೊಡಬೇಕಾದಾಗ ಈ ಎರಡರಲ್ಲಿ ಯಾವುದು ಮೊದಲು?

ಆಫ್ರಿಕದ ಟಾಂಜಾನಿಯ ಈ ಪ್ರಶ್ನೆಯನ್ನು ಎದುರಿಸಿದ ದೇಶ. ಅದರ ಮೊದಲ ಅಧ್ಯಕ್ಷರಾದ ಜೂಲಿಯಸ್ ನೈರೆರೆ ಕಥೋಲಿಕರು, ಕಥೋಲಿಕ ಶಾಲೆಯಲ್ಲಿ ಪಾಠ ಹೇಳಿದವರು. ಜನ ಅವರನ್ನು ಕೊನೆಯವರೆಗೂ ‘ಮ್ವಾಲಿಮು’, ಅಂದರೆ ಮೇಷ್ಟ್ರು ಎಂದೇ ಕರೆದರು. ಓದಿದವರಿಗೆ ಅವರು ಒಂದು ಹೋಲಿಕೆ ಕೊಟ್ಟಿದ್ದರು: ಹಸಿದ ಹಳ್ಳಿಯವರು ಉಳಿದ ಆಹಾರವನ್ನೆಲ್ಲ ಒಬ್ಬನಿಗೇ ಉಣಿಸಿ, ದೂರದಿಂದ ಧಾನ್ಯ ತರಲು ಕಳುಹಿಸುತ್ತಾರೆ. ಉಂಡವನು ನೆರವು ತಾರದಿದ್ದರೆ ಅವನು ದ್ರೋಹಿ.

1967ರ ಮಾರ್ಚ್‌ನಲ್ಲಿ ನೈರೆರೆ ‘ಸ್ವಾವಲಂಬನೆಗಾಗಿ ಶಿಕ್ಷಣ’ ಎಂಬ ನೀತಿಯನ್ನು ಪ್ರಕಟಿಸಿದರು. ಶಾಲೆಯು ಕೆಲವರನ್ನು ಆರಿಸಿ ಪಟ್ಟಣಕ್ಕೆ ದಾಟಿಸಿದರೆ ಸಾಲದು, ಹಳ್ಳಿಯಲ್ಲೇ ಉಳಿಯುವ ಬಹುಪಾಲು ಮಕ್ಕಳ ಬದುಕಿಗೂ ಒದಗಬೇಕು ಎಂಬುದು ಅದರ ಸಾರ. ಅದೇ ತಿಂಗಳು ಪೋಪ್ ಆರನೆಯ ಪೌಲರು ‘ಪೋಪುಲೋರುಂ ಪ್ರೋಗ್ರೆಸ್ಸಿಯೊ’ ಎಂಬ ವಿಶ್ವಪತ್ರದಲ್ಲಿ, ವಿದ್ಯೆಯ ಹಸಿವು ಅನ್ನದ ಹಸಿವಿಗಿಂತ ಕಡಿಮೆಯದಲ್ಲವೆಂದು ಬೋಧಿಸಿದರು.

ನೈರೆರೆಯವರ ಎಲ್ಲ ನೀತಿಗಳೂ ಫಲಿಸಲಿಲ್ಲ. ಜನರನ್ನು ಬಲವಂತದಿಂದ ಹೊಸ ಹಳ್ಳಿಗಳಿಗೆ ಸಾಗಿಸಿದ್ದು ನೋವನ್ನೇ ತಂದಿತು. ಆದರೆ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು. ವಯಸ್ಕರೂ ಅಕ್ಷರ ಕಲಿತರು. 1980ರ ದಶಕದಲ್ಲಿ ವಿದೇಶಿ ಸಾಲದ ಭಾರದಡಿ ದೇಶ ಕುಸಿದಾಗ ಶುಲ್ಕ ಮರಳಿ ಬಂತು; ಶಾಲೆ ಸೇರುವ ಮಕ್ಕಳು ಕಡಿಮೆಯಾದರು. 2000ದ ಜೂಬಿಲಿಯ ನೆನಪಿಗೆ ಬಡ ದೇಶಗಳ ಸಾಲವನ್ನು ತಗ್ಗಿಸಿರಿ, ಆದರೆ ಮನ್ನಾ ಮಾಡಿರಿ ಎಂದು ಪೋಪ್ ಎರಡನೆಯ ಜಾನ್ ಪೌಲರು 1994ರಲ್ಲೇ ಕೇಳಿಕೊಂಡಿದ್ದರು. ಸಾಲದ ಹೊರೆ ಇಳಿಯತೊಡಗಿದಾಗ, 2001ರಲ್ಲಿ ಟಾಂಜಾನಿಯ ಶುಲ್ಕವನ್ನು ಮತ್ತೆ ತೆಗೆದುಹಾಕಿತು. ಲಕ್ಷಾಂತರ ಮಕ್ಕಳು ಹೊಸದಾಗಿ ಶಾಲೆಗೆ ಬಂದರು.

ಪಡೆದ ಸಾಲ ತೀರಿಸಬೇಕು, ನಿಜ. ಆದರೆ ಸಾಲಕ್ಕೆ ಸಹಿ ಹಾಕಿದವರು ದೊಡ್ಡವರು, ಪಾಠ ಕಳೆದುಕೊಂಡವರು ಮಕ್ಕಳು. ಮಗುವಿನ ಓದನ್ನು ಅಡವಿಟ್ಟು ತೀರಿಸಿಕೊಳ್ಳುವ ಸಾಲ ನ್ಯಾಯವಲ್ಲ. ಆ ಮಗುವಿನ ಋಣ ಶ್ರೀಮಂತ ದೇಶಗಳ ಮೇಲೂ ಇದೆ.

ಓದಿದವರ ಮೇಲೂ ಇದೆ. ತಲಾಂತುಗಳ ಸಾಮತಿಯಲ್ಲಿ ಸೇವಕನು ದಂಡನೆಗೆ ಗುರಿಯಾದದ್ದು ಕದ್ದುದಕ್ಕಲ್ಲ, ಹೂತಿಟ್ಟದ್ದಕ್ಕೆ. ಮಗ ಡಾಕ್ಟರಾಗಲಿ, ಮಗಳು ಇಂಜಿನಿಯರಾಗಲಿ ಎಂದು ಪ್ರಾರ್ಥಿಸುವ ತಂದೆತಾಯಂದಿರೇ, ‘ಯಾರಿಗಾಗಿ?’ ಎಂಬ ಮಾತನ್ನೂ ಆ ಪ್ರಾರ್ಥನೆಗೆ ಸೇರಿಸಿರಿ. ಅವರು ಉಂಡ ಬುತ್ತಿಯಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಪಾಲೂ ಇದೆ.