ಋಣವೂ ದಾನವೂ

ಅಬಲೂರಿನ ಸೋಮೇಶ್ವರ ದೇವಾಲಯದ ಶಿಲಾಶಾಸನವು ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವುದರೊಡನೆ, ಚಾಳುಕ್ಯ ನಾಲ್ಕನೆಯ ಸೋಮೇಶ್ವರನೂ ಹಾನಗಲ್ಲ ಕದಂಬರ ಕಾಮದೇವನೂ ದೇವರ ಸೇವೆಗಾಗಿ ಊರುಗಳನ್ನು ಬಿಟ್ಟ ಸಂಗತಿಯನ್ನೂ ತಿಳಿಸುತ್ತದೆ. ಅಂದಿನ ದಾತೃಗಳು ಭೂಮಿಯನ್ನು ಕೊಟ್ಟರು. ಭೂಮಿಯ ಉತ್ಪನ್ನವು ವರ್ಷ ವರ್ಷವೂ ಬರುತ್ತಿದ್ದುದರಿಂದ ಸೇವೆಗೂ ಅದನ್ನು ನಡೆಯಿಸುವವರ ಜೀವನಕ್ಕೂ ಒಂದೇ ಆಧಾರವಿರುತ್ತಿತ್ತು. ಇಂದಿನ ಸೇವಾಸಂಸ್ಥೆಗಳಿಗಾದರೋ ಅಂಥ ಉಂಬಳಿ ದೊರೆಯುವುದು ಅಪರೂಪ. ದಾನಿಗಳು ಒಂದೆರಡು ವರ್ಷದ ಮಟ್ಟಿಗೆ ಕೊಡುವ ಹಣವೇ ಅನೇಕ ಸಂಸ್ಥೆಗಳ ಆಸರೆ. ಅದರ ಮೇಲೆ, ವಿದೇಶದಿಂದ ಬಂದ ದೇಣಿಗೆಯಲ್ಲಿ ಆಡಳಿತಕ್ಕೆ ವೆಚ್ಚ ಮಾಡಬಹುದಾದ ಪಾಲು 2020ರ ತಿದ್ದುಪಡಿಯಿಂದ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಹಣ ಬತ್ತಿದಾಗ ಕೆಲಸಗಾರರನ್ನು ಬಿಡಿಸುವ ಪ್ರಸಂಗ ಬರುತ್ತದೆ. ಆಗ ಸಂಸ್ಥೆಯ ಧರ್ಮವೇನು?

ಬಂದ ಹಣವು ಬಡವರದು, ಬಿಡಿಸಿದವನಿಗೆ ಪರಿಹಾರ ಕೊಟ್ಟಷ್ಟೂ ಬಡವರ ಪಾಲು ಕಡಿಮೆಯಾಗುತ್ತದೆ ಎಂಬ ವಾದವುಂಟು. ಮೇಲ್ನೋಟಕ್ಕೆ ಇದು ಸಾಧುವಾಗಿ ಕಂಡರೂ ಋಣಕ್ಕೂ ದಾನಕ್ಕೂ ಇರುವ ಭೇದವನ್ನು ಮರೆಯುತ್ತದೆ. ದುಡಿದವನಿಗೆ ಸಲ್ಲತಕ್ಕದ್ದು ಋಣ. ದೀನನಿಗೆ ಕೊಡುವುದು ದಾನ. ಋಣವನ್ನು ತೀರಿಸದೆ ಮಾಡಿದ ದಾನವು ಪರರ ಸ್ವತ್ತಿನಿಂದ ಮಾಡಿದ ದಾನವೇ ಸರಿ. ಕಾಯಕದಿಂದ ಬಂದುದರಲ್ಲಿಯೇ ದಾಸೋಹ ನಡೆಯಬೇಕೆಂದ ಶರಣರ ನಾಡಿನಲ್ಲಿ ಈ ಮಾತು ಹೊಸತಲ್ಲ.

ಕಾನೂನೂ ಬಹುಕಾಲ ಇದನ್ನೇ ಹೇಳಿತು. ಬೆಂಗಳೂರು ಜಲಮಂಡಲಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ 'ಉದ್ಯಮ'ವೆಂಬ ಶಬ್ದಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟು, ಅನೇಕ ಧರ್ಮಾರ್ಥ ಸಂಸ್ಥೆಗಳನ್ನು ಅದರೊಳಗೆ ತಂದಿತು. ಆದ್ದರಿಂದ 1947ರ ಕಾಯಿದೆಯಂತೆ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ಮುನ್ಸೂಚನೆಯನ್ನೋ ಆ ತಿಂಗಳ ವೇತನವನ್ನೋ ಕೊಟ್ಟು, ಸೇವೆಯ ಪ್ರತಿಯೊಂದು ವರ್ಷಕ್ಕೂ 15 ದಿನದ ವೇತನವನ್ನು ಪರಿಹಾರವಾಗಿ ಕೊಡಬೇಕಾಗಿತ್ತು. ಮುಂದೆ ಸ್ಥಳ ತೆರವಾದರೆ ಹೋದವನಿಗೇ ಮೊದಲ ಹಕ್ಕು. 2025ರ ನವೆಂಬರ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯು, ಮುಖ್ಯವಾಗಿ ಧರ್ಮಾರ್ಥ ಸೇವೆಯಲ್ಲಿ ತೊಡಗಿದವರ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇನ್ನು ಮೇಲೆ ಅಲ್ಲಿಯ ನೌಕರನಿಗೆ ಸಂಸ್ಥೆಯ ಅಂತಃಕರಣವೇ ದೊಡ್ಡ ಆಸರೆಯಾಗಿ ಉಳಿಯಿತು.

ಹಾಗಾದರೆ ಅಂತಃಕರಣವು ಬೇಡುವುದೇನು? ಸಂಕಟವನ್ನು ಮುಚ್ಚಿಡದೆ ಕಾಲಕ್ಕೆ ಮುಂಚೆ ತಿಳಿಸುವುದು. ಮೊದಲು ಮೇಲಿನವರ ಸಂಬಳವನ್ನು ತಗ್ಗಿಸುವುದು. ಯಾರನ್ನು ಯಾವ ಕಾರಣದಿಂದ ಬಿಡಿಸಲಾಯಿತೆಂಬುದನ್ನು ಎಲ್ಲರೆದುರು ಹೇಳಬಲ್ಲಂತಿರುವುದು. ವೇತನವಿಲ್ಲದ ರಜೆಯ ಮೇಲೆ ಕಳಿಸುವುದಾದರೆ ಮರಳಿ ಕರೆಯುವ ದಿನವನ್ನೂ ಹೇಳಬೇಕು. ಕರೆಯುವ ನಂಬಿಕೆ ತನಗೇ ಇಲ್ಲದೆ ರಜೆಯೆಂದು ಹೇಳುವುದು, ನೌಕರನನ್ನು ಇಲ್ಲಿಯೂ ಉಳಿಸದೆ ಬೇರೆಡೆಗೂ ಹೋಗಗೊಡದೆ ಕಟ್ಟಿಹಾಕಿದಂತೆ.

ಎಲ್ಲಕ್ಕೂ ಮಿಗಿಲಾಗಿ, ಒಳ್ಳೆಯ ವರ್ಷಗಳಲ್ಲಿಯೇ ಸ್ವಲ್ಪ ಹಣವನ್ನು ನೌಕರರ ಹೆಸರಿನಲ್ಲಿ ತೆಗೆದಿರಿಸಬೇಕು. ಹಿಂದಿನವರು ಬಿಟ್ಟ ಭೂಮಿಯ ಸ್ಥಾನದಲ್ಲಿ ನಿಲ್ಲಬಹುದಾದ ಉಂಬಳಿ ಅದು. ಪರರ ಕಣ್ಣೀರನ್ನು ಒರಸಲು ಹೊರಟ ಸಂಸ್ಥೆಯು ತನ್ನ ಹೊಸ್ತಿಲು ದಾಟಿ ಹೋಗುವವನ ಕೈಯನ್ನು ಬರಿದು ಮಾಡಿ ಕಳಿಸಲಾಗದು.